ಬಟಾಣಿ ಮೊದಲು, ವಿಟಮಿನ್ ಆಮೇಲೆ

ಪ್ರಶ್ನೆ: ನಾನು ನಾಲ್ಕರಿಂದ ಆರು ವರ್ಷದ ಮಕ್ಕಳ ಟೀಚರ್. ಕ್ಲಾಸಿನಲ್ಲಿ 24 ಮಕ್ಕಳಿದ್ದಾರೆ. ಪೌಷ್ಟಿಕ ಆಹಾರದ ಬಗ್ಗೆ ಕಲಿಸಲು ಗೋಡೆ ತುಂಬ ಚಾರ್ಟ್ ಹಾಕಿದೆ, ಹಾಡು ಕಲಿಸಿದೆ. ‘ಕ್ಯಾರೆಟ್‌ನಲ್ಲಿ ವಿಟಮಿನ್ ಎ’ ಅಂತ ಎಲ್ಲರೂ ಒಟ್ಟಿಗೆ ಕೂಗುತ್ತಾರೆ. ಡಬ್ಬಿಯಲ್ಲಿ ಬಂದ ಕ್ಯಾರೆಟ್ ಮಾತ್ರ ಹಾಗೇ ಮನೆಗೆ ವಾಪಸ್ ಹೋಗುತ್ತದೆ. ಕ್ಲಾಸಿನಲ್ಲೇ ಏನಾದರೂ ಮಾಡಿಸೋಣ ಅಂತ ಎಂಟು ಬಗೆ ಹಣ್ಣು ತಂದು ಸಲಾಡ್ ಮಾಡಿಸಿದೆ. ಅರ್ಧ ಮಕ್ಕಳು ಬಾಳೆಹಣ್ಣು ಮಾತ್ರ ಆರಿಸಿಕೊಂಡು ತಿಂದರು, ಉಳಿದವರು ಚಮಚಕ್ಕೆ ಜಗಳ ಆಡಿದರು. ನೆಲವೆಲ್ಲ ಅಂಟು. ನಮ್ಮಲ್ಲಿ ಒಲೆ ಇಲ್ಲ. ಒಂದು ಮಗುವಿಗೆ ಕಡಲೆಕಾಯಿ ಅಲರ್ಜಿ ಇದೆ. ಇದನ್ನು ಮುಂದುವರಿಸಲಾ, ಬಿಟ್ಟುಬಿಡಲಾ?

ಉತ್ತರ: ಮುಂದುವರಿಸಿ. ಆದರೆ ಸಲಾಡ್ ಬಿಟ್ಟು ಇನ್ನೂ ಸಣ್ಣದರಿಂದ ಶುರು ಮಾಡಿ. ಎಷ್ಟು ಸಣ್ಣದು ಅಂದರೆ, ‘ಇದೂ ಒಂದು ಅಡುಗೆನಾ?’ ಅಂತ ನಿಮಗೇ ಅನ್ನಿಸಬೇಕು. ಒಲೆ ಇಲ್ಲದಿರುವುದು ಕೊರತೆ ಅಂದುಕೊಳ್ಳಬೇಡಿ. ಮೊದಲ ವರ್ಷ ಅದು ಇಲ್ಲದಿದ್ದರೇ ಒಳ್ಳೆಯದು.

ಕ್ಯಾರೆಟ್ ವಿಷಯದಿಂದಲೇ ಹೊರಡೋಣ. ಐದು ವರ್ಷದ ಮಗುವಿಗೆ ‘ವಿಟಮಿನ್ ಎ’ ಅನ್ನುವುದು ಒಂದು ಪದ, ಅಷ್ಟೇ. ಅದನ್ನು ನೋಡಲಾಗದು, ಮುಟ್ಟಲಾಗದು, ಮೂಸಲಾಗದು. ಹಾಡಿನ ಸಾಲು ಬಾಯಿಗೆ ಬರುವ ಹಾಗೆ ಅದೂ ಬರುತ್ತದೆ. ಹಾಗಂತ ಈ ವಯಸ್ಸಿನವರಿಗೆ ಏನೂ ಅರ್ಥವಾಗುವುದಿಲ್ಲ ಅನ್ನುವುದೂ ತಪ್ಪು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಾರಾ ಗ್ರಿಪ್‌ಶೋವರ್ ಮತ್ತು ಎಲೆನ್ ಮಾರ್ಕ್‌ಮನ್ 2013ರಲ್ಲಿ ಪ್ರಕಟಿಸಿದ ಅಧ್ಯಯನ ನನಗೆ ತುಂಬ ಇಷ್ಟ. ಅವರು ನಾಲ್ಕೈದು ವರ್ಷದ ಮಕ್ಕಳಿಗೆ ಚಿತ್ರದ ಪುಸ್ತಕಗಳ ಮೂಲಕ ಒಂದೇ ಒಂದು ವಿಚಾರ ಹೇಳಿದರು. ಆಹಾರದೊಳಗೆ ಕಣ್ಣಿಗೆ ಕಾಣದಷ್ಟು ಚಿಕ್ಕ ವಸ್ತುಗಳು ಇರುತ್ತವೆ. ಹೊಟ್ಟೆ ಅವನ್ನು ಬಿಡಿಸಿಕೊಳ್ಳುತ್ತದೆ, ರಕ್ತ ಅವನ್ನು ಮೈಗೆಲ್ಲ ಹೊತ್ತೊಯ್ಯುತ್ತದೆ. ಒಂದೊಂದು ಕೆಲಸಕ್ಕೆ ಒಂದೊಂದು ವಸ್ತು ಬೇಕು, ಅದಕ್ಕೇ ಒಂದೇ ಬಗೆಯ ಆಹಾರ ಸಾಲದು. ಇಷ್ಟು ತಿಳಿದ ಮಕ್ಕಳು ತಿಂಡಿ ಹೊತ್ತಿನಲ್ಲಿ ತಾವಾಗಿಯೇ ಹೆಚ್ಚು ತರಕಾರಿ ತಿಂದರು.

ಇದರ ಪಕ್ಕದಲ್ಲೇ ಇನ್ನೊಂದನ್ನು ಇಟ್ಟು ನೋಡಿ. ಸಂಶೋಧಕರಾದ ಮಿಖಾಲ್ ಮೈಮರಾನ್ ಮತ್ತು ಐಯೆಲೆಟ್ ಫಿಶ್‌ಬಾಕ್ 2014ರಲ್ಲಿ ಪ್ರಕಟಿಸಿದ ಪ್ರಯೋಗಗಳವು. ‘ಇದನ್ನು ತಿಂದರೆ ಬಲ ಬರುತ್ತದೆ’, ‘ಇದನ್ನು ತಿಂದರೆ ಓದಲು ಬರುತ್ತದೆ’ ಅನ್ನುವಂಥ ಕಥೆ ಕೇಳಿದ ಪುಟ್ಟ ಮಕ್ಕಳು ಬಿಸ್ಕತ್ತು, ಕ್ಯಾರೆಟ್ ಎರಡನ್ನೂ ಕಡಿಮೆ ತಿಂದರು! ಹೌದು, ಬಿಸ್ಕತ್ತನ್ನು ಕೂಡ. ಮಕ್ಕಳ ಲೆಕ್ಕ ಸರಳ. ಔಷಧಿ ಕೊಡುವಾಗ ದೊಡ್ಡವರು ಹೀಗೇ ಹೇಳುತ್ತಾರಲ್ವಾ? ‘ಕುಡಿ, ವಾಸಿಯಾಗುತ್ತೆ’ ಅಂತ. ಹಾಗಾದರೆ ಇದರ ರುಚಿಯೂ ಅಷ್ಟಕ್ಕಷ್ಟೇ ಇರಬೇಕು.

ಒಂದು ಅಧ್ಯಯನ ‘ಹೇಳಿ’ ಅನ್ನುತ್ತದೆ, ಇನ್ನೊಂದು ‘ಹೇಳಬೇಡಿ’ ಅನ್ನುತ್ತದೆ ಅಂತ ಗೊಂದಲ ಬೇಡ. ಮೊದಲನೆಯದು ಮಗುವಿನ ‘ಯಾಕೆ?’ಗೆ ಉತ್ತರ ಕೊಟ್ಟಿತು. ಎರಡನೆಯದರಲ್ಲಿ ಆಹಾರ ಒಂದು ಲಾಭದ ವ್ಯಾಪಾರ ಆಗಿಬಿಟ್ಟಿತು. ಇವೆರಡನ್ನೂ ಓದಿದ ಮೇಲೆ ನಾನು ಟೀಚರ್‌ಗಳಿಗೆ ಹೇಳುವ ಸೂತ್ರ ಹೀಗಿದೆ. ಕೈ ಕೆಲಸ ಮಾಡುತ್ತಿರುವಾಗ ‘ಯಾಕೆ, ಹೇಗೆ’ ಮಾತಾಡಿ. ಬಾಯಿಗೆ ಹೋಗುವ ಹೊತ್ತಿಗೆ ರುಚಿಯ ಮಾತು ಮಾತ್ರ. ಗರಿಗರಿಯಾ? ಹುಳಿಯಾ? ಹಲ್ಲಿಗೆ ಹತ್ತುತ್ತಾ? ಆ ಕ್ಷಣದಲ್ಲಿ ಕಣ್ಣು, ಮೂಳೆ, ಬಲ ಯಾವುದೂ ಬೇಡ.

ಇನ್ನು ನಿಮ್ಮ ಹಣ್ಣಿನ ಸಲಾಡ್. ಎಂಟು ಬಗೆ ಹಣ್ಣು ಒಂದೇ ಬಟ್ಟಲಿನಲ್ಲಿ ಕಲಸಿದಾಗ, ಗೊತ್ತಿಲ್ಲದ ಏಳರ ನಡುವೆ ಗೊತ್ತಿರುವ ಒಂದನ್ನು ಮಕ್ಕಳು ಹುಡುಕಿ ತಿಂದರು. ಅದು ಹಟ ಅಲ್ಲ. ಸುಮಾರು ಎರಡರಿಂದ ಆರು ವರ್ಷದವರೆಗೆ ಹೊಸ ಆಹಾರದ ಭಯ ಮಕ್ಕಳಲ್ಲಿ ಎಲ್ಲಕ್ಕಿಂತ ಜಾಸ್ತಿ. ನಿಮ್ಮ ಮಕ್ಕಳು ಸರಿಯಾಗಿ ಆ ವಯಸ್ಸಿನಲ್ಲೇ ಇದ್ದಾರೆ. ಭಯ ಕಳೆಯಲು ಇರುವ ದಾರಿ ಪರಿಚಯ ಒಂದೇ. ಅಮೆರಿಕದ ಮನಃಶಾಸ್ತ್ರಜ್ಞೆ ಲಿಯಾನ್ ಬರ್ಚ್ 1980ರ ದಶಕದಿಂದ ಇದನ್ನು ಮತ್ತೆ ಮತ್ತೆ ತೋರಿಸಿದರು. ಒಂದು ಆಹಾರವನ್ನು ಒತ್ತಾಯವಿಲ್ಲದೆ ಹತ್ತಾರು ಸಲ ರುಚಿ ನೋಡಿದ ಮೇಲೆ ಮಗು ಅದನ್ನು ಒಪ್ಪಿಕೊಳ್ಳುವ ಸಾಧ್ಯತೆ ಹೆಚ್ಚು. ಕೆಲವರಿಗೆ ಎಂಟು ಸಲ ಸಾಕು, ಕೆಲವರಿಗೆ ಹದಿನೈದೂ ಬೇಕು. ನಾವು ಎರಡು ಸಲ ಕೊಟ್ಟು ‘ಇವನಿಗೆ ಸೇರಲ್ಲ’ ಅಂತ ತೀರ್ಮಾನ ಮಾಡಿಬಿಡುತ್ತೇವೆ.

ಹಾಗಾಗಿ ವಾರಕ್ಕೊಂದು ಹೊಸ ತಿಂಡಿ ಅನ್ನುವ ಯೋಜನೆ ಬಿಡಿ. ನಾಲ್ಕೈದು ಪದಾರ್ಥ ಆರಿಸಿಕೊಳ್ಳಿ. ಇಡೀ ವರ್ಷ ಅವೇ ಬೇರೆ ಬೇರೆ ರೂಪದಲ್ಲಿ ಬರಲಿ. ಕ್ಯಾರೆಟ್ ಒಂದು ದಿನ ತೊಳೆಯಲು, ಇನ್ನೊಂದು ದಿನ ತುರಿಯಲು, ಮತ್ತೊಂದು ದಿನ ಬ್ರೆಡ್ ಮೇಲೆ ಉದುರಿಸಲು. ನಿಮಗೆ ಬೇಜಾರಾಗಬಹುದು. ಮಕ್ಕಳಿಗೆ ಆಗುವುದಿಲ್ಲ. ಒಂದೇ ಕಥೆಯನ್ನು ನಲವತ್ತು ಸಲ ಕೇಳುವವರು ಅವರು.

ಗಲಾಟೆಗೆ ಕಾರಣ ಮಕ್ಕಳಲ್ಲ, ಕಾಯುವಿಕೆ. ಒಂದು ದೊಡ್ಡ ಬೋಗುಣಿ, ಒಂದು ಸೌಟು, 24 ಮಕ್ಕಳು ಅಂದರೆ 23 ಮಂದಿ ಸುಮ್ನೆ ನಿಂತಿರಬೇಕು. ಈ ವಯಸ್ಸಿನಲ್ಲಿ ಅದು ಆಗದ ಮಾತು. ಆರಾರು ಮಕ್ಕಳ ಗುಂಪು ಮಾಡಿ. ಒಂದು ದಿನಕ್ಕೆ ಒಂದೇ ಗುಂಪು ಅಡುಗೆ ಮೇಜಿಗೆ ಬರಲಿ, ಉಳಿದವರು ಎಂದಿನಂತೆ ಆಟ, ಚಿತ್ರ. ನಾಲ್ಕು ದಿನದಲ್ಲಿ ಎಲ್ಲರದೂ ಆಗುತ್ತದೆ. ಪ್ರತಿ ಮಗುವಿಗೂ ತನ್ನದೇ ಬಟ್ಟಲು, ತನ್ನದೇ ಚಮಚ. ಮೇಜು ಮಕ್ಕಳ ಸೊಂಟದ ಎತ್ತರಕ್ಕಿರಲಿ, ಇಲ್ಲದಿದ್ದರೆ ನೆಲದ ಮೇಲೆ ಶುಭ್ರವಾದ ಹಾಸು ಹಾಸಿ. ಬಟ್ಟಲಿನ ಕೆಳಗೆ ಒದ್ದೆ ಬಟ್ಟೆ ಹಾಕಿದರೆ ಅದು ಜಾರುವುದಿಲ್ಲ. ಇದು ಚಿಕ್ಕ ಮಾತು, ಆದರೆ ಚೆಲ್ಲುವುದು ಅರ್ಧ ಅಲ್ಲೇ ನಿಲ್ಲುತ್ತದೆ. ಒಂದು ಗುಂಪಿಗೆ ಇಪ್ಪತ್ತು ನಿಮಿಷ ಸಾಕು. ಮೇಜು ಒರೆಸುವುದು, ಬಟ್ಟಲು ತೊಳೆಯುವುದು ಪಾಠದ ಭಾಗವೇ. ಶಿಕ್ಷಣ ತಜ್ಞೆ ಮಾರಿಯಾ ಮಾಂಟೆಸ್ಸರಿ 1907ರಲ್ಲಿ ರೋಮ್‌ನಲ್ಲಿ ತಮ್ಮ ಮೊದಲ ‘ಮಕ್ಕಳ ಮನೆ’ ಶಾಲೆ ತೆರೆದಾಗಿನಿಂದ ಇಂಥ ಮನೆಗೆಲಸವನ್ನೇ ಪಾಠ ಮಾಡಿಕೊಂಡರು. ಪುಟ್ಟವರಿಗೆ ಒರೆಸುವುದು ಶಿಕ್ಷೆ ಅನ್ನಿಸುವುದು ನಾವು ಹಾಗೆ ಹೇಳಿಕೊಟ್ಟಾಗ ಮಾತ್ರ.

ಮೊದಲ ವಾರ ಬಟಾಣಿ. ಸಿಪ್ಪೆ ಸಮೇತ ಇರುವ ಹಸಿ ಬಟಾಣಿ ತನ್ನಿ. ಪ್ರತಿ ಮಗುವಿಗೆ ಐದು ಕಾಯಿ. ಬಿಡಿಸುವುದಷ್ಟೇ ಕೆಲಸ. ಬೆರಳಿನಿಂದ ಒತ್ತಿದರೆ ಟಪ್ ಅಂತ ಬಾಯಿ ಬಿಡುವ ಆ ಸದ್ದಿಗೆ ಮಕ್ಕಳು ಮರುಳಾಗುತ್ತಾರೆ. ಒಳಗೆ ಎಷ್ಟು ಕಾಳಿದೆ ಅಂತ ಮೊದಲೇ ಊಹಿಸಲಿ, ಆಮೇಲೆ ಎಣಿಸಲಿ. ‘ಈ ಕಾಳು ಮಣ್ಣಿಗೆ ಬಿದ್ದರೆ ಗಿಡ ಆಗುತ್ತೆ. ಹೊಸ ಗಿಡಕ್ಕೆ ಬೇಕಾದ ಬುತ್ತಿಯೆಲ್ಲ ಇದರೊಳಗೇ ಇದೆ’ ಅನ್ನಿ. ಪ್ರೋಟೀನ್ ಅನ್ನುವ ಪದ ಹೇಳದೆಯೇ ಕಾಳು ಯಾಕೆ ಗಟ್ಟಿ ಆಹಾರ ಅನ್ನುವುದು ಅಲ್ಲಿಗೆ ಮುಟ್ಟುತ್ತದೆ. ಯಾರಾದರೂ ಒಂದು ಕಾಳನ್ನು ಬಾಯಿಗೆ ಹಾಕಿಕೊಂಡೇ ಹಾಕಿಕೊಳ್ಳುತ್ತಾರೆ. ಬೆರಳಿನಲ್ಲಿ ಚಪ್ಪಟೆ ಮಾಡಿ ತಿನ್ನಲು ಹೇಳಿ, ಉಳಿದಂತೆ ಸುಮ್ಮನಿದ್ದುಬಿಡಿ. ಹೊಗಳುವುದೂ ಬೇಡ.

ಎರಡನೇ ವಾರ ಸೌತೆಕಾಯಿ. ತೆಳ್ಳಗೆ ಹೆಚ್ಚಿದ ಬಿಲ್ಲೆಗಳ ಮೇಲೆ ಒಂದು ಚಿಟಿಕೆ ಉಪ್ಪು ಹಾಕಿ ಹತ್ತು ಹದಿನೈದು ನಿಮಿಷ ಬಿಟ್ಟರೆ ತಟ್ಟೆಯಲ್ಲಿ ನೀರು ನಿಲ್ಲುತ್ತದೆ. ಸೌತೆಕಾಯಿಯ ತೂಕದಲ್ಲಿ ಸುಮಾರು ನೂರಕ್ಕೆ 95 ಪಾಲು ನೀರೇ. ಅದನ್ನು ಉಪ್ಪು ಹೊರಗೆ ಎಳೆಯುತ್ತದೆ. ನನ್ನ ಗುಂಪಿನ ಒಬ್ಬ ಹುಡುಗಿ ‘ಸೌತೆಕಾಯಿ ಅಳ್ತಾ ಇದೆ’ ಅಂದಿದ್ದಳು. ನೀರನ್ನು ಕುಡಿಯುವುದಷ್ಟೇ ಅಲ್ಲ, ತಿನ್ನುವುದೂ ಉಂಟು ಅನ್ನುವುದನ್ನು ಇದಕ್ಕಿಂತ ಚೆನ್ನಾಗಿ ಯಾವ ಚಾರ್ಟ್ ಹೇಳುತ್ತದೆ?

ಮೂರನೇ ವಾರ ಸೇಬು ಮತ್ತು ನಿಂಬೆ. ಸೇಬನ್ನು ತೆಳು ಹೋಳು ಮಾಡಿ ಎರಡು ತಟ್ಟೆಗೆ ಹಾಕಿ. ಮಕ್ಕಳು ನಿಂಬೆ ಹಿಂಡಿ ಒಂದು ತಟ್ಟೆಯ ಹೋಳಿಗೆ ರಸ ಸವರಲಿ, ಇನ್ನೊಂದು ಹಾಗೇ ಇರಲಿ. ಅರ್ಧ ಗಂಟೆ ಬಿಟ್ಟು ನೋಡಿದರೆ ರಸ ಇಲ್ಲದ್ದು ಕಂದಾಗಿರುತ್ತದೆ. ಹೆಚ್ಚಿದಾಗ ಸೇಬಿನ ಜೀವಕೋಶಗಳು ಒಡೆದು, ಒಳಗಿನ ಒಂದು ಕಿಣ್ವಕ್ಕೆ (ಬದಲಾವಣೆಯನ್ನು ಚುರುಕು ಮಾಡುವ ವಸ್ತು) ಗಾಳಿಯ ಆಮ್ಲಜನಕ ಸಿಗುತ್ತದೆ. ಅದರಿಂದಲೇ ಬಣ್ಣ ಬದಲಾಗುವುದು. ನಿಂಬೆಯ ಹುಳಿ ಆ ಕಿಣ್ವವನ್ನು ಮಂಕು ಮಾಡುತ್ತದೆ, ಅದರಲ್ಲಿರುವ ವಿಟಮಿನ್ ಸಿ ಆಮ್ಲಜನಕವನ್ನು ತಾನೇ ಮೊದಲು ಎದುರಿಸುತ್ತದೆ. ಇದು ನಿಮಗೆ. ಮಕ್ಕಳಿಗೆ ‘ಗಾಳಿ ತಾಗಿ ಸೇಬು ಕಂದಾಯಿತು. ನಿಂಬೆಯೊಳಗಿನ ಕಾಣದ ವಸ್ತುವೊಂದು ಇನ್ನೊಂದು ತಟ್ಟೆಯದನ್ನು ಕಾಪಾಡಿತು’ ಅಂದರೆ ಸಾಕು. ಕಾಣದ ವಸ್ತುವಿನ ಕೆಲಸ ಈಗ ಕಣ್ಣಿಗೆ ಕಂಡಿತು. ಅದಕ್ಕೊಂದು ಹೆಸರಿದೆ ಅಂತ ಬೇಕಿದ್ದರೆ ಈಗ ಹೇಳಿ. ವಿಟಮಿನ್ ಅನ್ನುವ ಪದ ನನ್ನ ಕ್ಲಾಸಿಗೆ ಬರುವುದೇ ಇಲ್ಲಿ.

ಆಮೇಲೆ ಬೆಣ್ಣೆ. ಇದು ನನ್ನ ಅಚ್ಚುಮೆಚ್ಚು, ಸ್ವಲ್ಪ ಜಾಸ್ತಿ ಹೇಳಿದರೆ ಕ್ಷಮಿಸಿ. ಪಾಶ್ಚರೀಕರಿಸಿದ ಗಟ್ಟಿ ಕೆನೆಯನ್ನು ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಗೆ ಮೂರನೇ ಒಂದು ಭಾಗ ತುಂಬಿ. ಗಾಜು ಬೇಡ. ಕೆನೆ ತೀರಾ ತಣ್ಣಗಿರಬಾರದು. ಡಬ್ಬಿ ಕೈಯಿಂದ ಕೈಗೆ ಹೋಗಲಿ, ಪ್ರತಿಯೊಬ್ಬರೂ ಇಪ್ಪತ್ತು ಎಣಿಸುವವರೆಗೆ ಕುಲುಕಲಿ. ಮೊದಲು ಕುಳುಕುಳು ಸದ್ದು ಬರುತ್ತದೆ. ಕೆಲವು ನಿಮಿಷಕ್ಕೆ ಸದ್ದೇ ನಿಂತುಹೋಗುತ್ತದೆ. ‘ಮಿಸ್, ಕೆಟ್ಟೋಯ್ತು’ ಅನ್ನುತ್ತಾರೆ. ಕೆನೆ ಗಾಳಿ ತುಂಬಿಕೊಂಡು ಉಬ್ಬಿರುವ ಹೊತ್ತು ಅದು. ಬಿಡದೆ ಕುಲುಕಿದರೆ ಹತ್ತು ಹದಿನೈದು ನಿಮಿಷದಲ್ಲಿ ಒಮ್ಮೆಲೇ ದಪ್ ಅಂತ ಏನೋ ಗೋಡೆಗೆ ಬಡಿಯುತ್ತದೆ. ಕೊಬ್ಬಿನ ಸಣ್ಣ ಹನಿಗಳ ಹೊರಪದರ ಒಡೆದು, ಅವೆಲ್ಲ ಒಂದಕ್ಕೊಂದು ಅಂಟಿ ಮುದ್ದೆಯಾಗಿರುತ್ತವೆ. ನೀರು ಬೇರೆ, ಬೆಣ್ಣೆ ಬೇರೆ. ಅವತ್ತು ಮನೆಗೆ ಹೋಗಿ ಹೇಳದ ಮಗುವೇ ಇರುವುದಿಲ್ಲ.

ಅದೇ ಬೆಣ್ಣೆಯನ್ನು ಅದೇ ದಿನ ಮೊಂಡು ಚಾಕುವಿನಲ್ಲಿ ಬ್ರೆಡ್ಡಿಗೆ ಸವರಿ, ಮೇಲೆ ತುರಿದ ಕ್ಯಾರೆಟ್ ಉದುರಿಸಲಿ. ಇಲ್ಲಿ ನಿಮ್ಮ ವಿಟಮಿನ್ ಎ ಬರುತ್ತದೆ. ಕ್ಯಾರೆಟ್‌ನ ಕಿತ್ತಳೆ ಬಣ್ಣವನ್ನೇ ಮೈ ವಿಟಮಿನ್ ಎ ಆಗಿ ಬದಲಿಸಿಕೊಳ್ಳುತ್ತದೆ. ಆದರೆ ಆ ಬಣ್ಣ ನೀರಿನಲ್ಲಿ ಕರಗುವುದಿಲ್ಲ, ಕೊಬ್ಬಿನಲ್ಲಿ ಕರಗುತ್ತದೆ. ಜೊತೆಗೆ ಸ್ವಲ್ಪ ಕೊಬ್ಬು ಇದ್ದರೆ ಮೈಗೆ ಚೆನ್ನಾಗಿ ಹತ್ತುತ್ತದೆ. ಬೆಣ್ಣೆ ಮೆತ್ತಿದ ಬೆರಳಿನಿಂದ ಕ್ಯಾರೆಟ್ ತುರಿ ಮುಟ್ಟಿದರೆ ಬೆರಳೆಲ್ಲ ಕಿತ್ತಳೆ. ‘ನೋಡು, ಬೆಣ್ಣೆ ಬಣ್ಣವನ್ನು ಹಿಡ್ಕೊಂಡಿದೆ’ ಅನ್ನಿ. ಒಂದು ಆಹಾರ ಇನ್ನೊಂದಕ್ಕೆ ಕೈ ಹಿಡಿಯುತ್ತದೆ ಅನ್ನುವ ಮಾತು ಬೆರಳ ತುದಿಯಲ್ಲೇ ಇದೆ.

ಅಳತೆಯ ವಿಷಯದಲ್ಲಿ ಒಂದು ಎಚ್ಚರಿಕೆ. ‘ಅಡುಗೆಯಿಂದ ಗಣಿತವೂ ಬರುತ್ತೆ’ ಅಂತ ಎಲ್ಲರೂ ಹೇಳುತ್ತಾರೆ. ಬರುತ್ತದೆ, ಆದರೆ ಎಣಿಕೆ ಮಾತ್ರ. ಪ್ರಮಾಣ ಅಷ್ಟು ಬೇಗ ಬರುವುದಿಲ್ಲ. ಸ್ವಿಟ್ಜರ್ಲೆಂಡ್‌ನ ಮನಃಶಾಸ್ತ್ರಜ್ಞ ಜೀನ್ ಪಿಯಾಜೆ ತೋರಿಸಿದ ಹಾಗೆ, ಏಳು ವರ್ಷದ ಆಸುಪಾಸಿನವರೆಗೆ ಎಷ್ಟೋ ಮಕ್ಕಳಿಗೆ ಉದ್ದ ಲೋಟದಲ್ಲಿರುವ ರಸವೇ ಜಾಸ್ತಿ, ಕಣ್ಣೆದುರೇ ಅಗಲ ಲೋಟದಿಂದ ಅದಕ್ಕೆ ಸುರಿದಿದ್ದರೂ ಸರಿ. ಹಾಗಾಗಿ ‘ಅರ್ಧ ಕಪ್’ ಅನ್ನಬೇಡಿ, ‘ಮೂರು ಚಮಚ’ ಅನ್ನಿ. ಎಲ್ಲರಿಗೂ ಒಂದೇ ಆಕಾರದ ಲೋಟ ಕೊಡಿ. ಇಲ್ಲವಾದರೆ ಜಗಳ ಬಿಡಿಸುವುದರಲ್ಲೇ ಹೊತ್ತು ಹೋಗುತ್ತದೆ.

ರುಚಿ ನೋಡುವ ಹೊತ್ತಿಗೆ ಬರೋಣ. ಎಲ್ಲ ಕೆಡುವುದು ಇಲ್ಲೇ. ‘ಒಂದೇ ಒಂದು ತುತ್ತು’ ಅನ್ನುವ ಒತ್ತಾಯವೂ ಬೇಡ. ಆಹಾರ ತಜ್ಞೆ ಎಲಿನ್ ಸ್ಯಾಟರ್ ಅವರ ಹಂಚಿಕೆ ನನಗೆ ಸರಿ ಅನ್ನಿಸುತ್ತದೆ. ಏನು, ಯಾವಾಗ, ಎಲ್ಲಿ ಅನ್ನುವುದು ದೊಡ್ಡವರಿಗೆ ಬಿಟ್ಟದ್ದು. ತಿನ್ನಬೇಕಾ, ಎಷ್ಟು ಅನ್ನುವುದು ಮಗುವಿಗೆ ಬಿಟ್ಟದ್ದು. ನೋಡುವುದು, ಮೂಸುವುದು, ನಾಲಿಗೆ ತಾಗಿಸುವುದು, ಕಚ್ಚಿ ಉಗಿಯುವುದು ಎಲ್ಲವೂ ರುಚಿ ನೋಡಿದ ಲೆಕ್ಕವೇ. ಉಗಿಯಲು ಪ್ರತಿಯೊಬ್ಬರಿಗೂ ಒಂದು ಕಾಗದದ ಕರವಸ್ತ್ರ ಇಡಿ. ಉಗಿಯಬಹುದು ಅಂತ ಗೊತ್ತಿದ್ದರೆ ಬಾಯಿಗೆ ಹಾಕುವ ಧೈರ್ಯ ಬರುತ್ತದೆ. ‘ಥೂ’, ‘ಛೀ’ ಮಾತ್ರ ಕೂಡದು. ಒಬ್ಬ ‘ಥೂ’ ಅಂದರೆ ಆ ಮೇಜಿನ ಐದು ಮಂದಿ ಬಾಯಿ ಮುಚ್ಚಿಕೊಳ್ಳುತ್ತಾರೆ. ಬದಲಿಗೆ ಪದ ಕೊಡಿ: ಹುಳಿ, ಕಹಿ, ಒಗರು, ಸಪ್ಪೆ, ಮೆತ್ತಗೆ, ಖಾರ. ‘ನಂಗೆ ಒಗರು ಅನ್ನಿಸ್ತು’ ಅಂದ ಮಗು ಬೇಡ ಅಂತಲೇ ಹೇಳಿತು, ಆದರೆ ರುಚಿಯನ್ನು ಗಮನಿಸಿ ಹೇಳಿತು.

ಬಹುಮಾನದ ಬಗ್ಗೆ ಟೀಚರ್‌ಗಳು ಕೇಳಿಯೇ ಕೇಳುತ್ತಾರೆ. ಬರ್ಚ್ ಅವರ 1984ರ ಪ್ರಯೋಗದಲ್ಲಿ, ಹೊಸ ರುಚಿಯ ಹಾಲಿನ ಪಾನೀಯ ಕುಡಿದರೆ ಬಹುಮಾನ ಅಂದಾಗ ಮಕ್ಕಳಿಗೆ ಆ ಪಾನೀಯದ ಮೇಲಿನ ಇಷ್ಟವೇ ಕಡಿಮೆಯಾಯಿತು. ಆಮೇಲಿನ ಕೆಲವು ಅಧ್ಯಯನಗಳಲ್ಲಿ ಚೂರು ರುಚಿ ನೋಡಿದ್ದಕ್ಕೆ ಪುಟ್ಟ ಸ್ಟಿಕ್ಕರ್ ಕೊಟ್ಟಾಗ ಅಂಥ ತೊಂದರೆ ಆಗಿಲ್ಲ, ಲಾಭವೇ ಆಗಿದೆ. ಮನೆಯಲ್ಲಿ ಒಂದು ಮಗುವಿಗೆ ಅದು ನಡೆಯಬಹುದು. 24 ಮಕ್ಕಳ ಕ್ಲಾಸಿನಲ್ಲಿ ಸ್ಟಿಕ್ಕರ್ ಸಿಗದವರ ಅಳು ಯಾರು ಕೇಳುತ್ತಾರೆ? ನಾನು ಕೊಡುವುದಿಲ್ಲ.

ಇನ್ನು ಅಪಾಯದ ಮಾತು. ಮೊದಲ ದಿನಕ್ಕೆ ಮುಂಚೆಯೇ ಪ್ರತಿ ಮನೆಯಿಂದ ಬರಹದಲ್ಲಿ ತಿಳಿದುಕೊಳ್ಳಿ: ಯಾವ ಅಲರ್ಜಿ, ಮನೆಯಲ್ಲಿ ಯಾವುದನ್ನು ತಿನ್ನುವುದಿಲ್ಲ. ಕಡಲೆಕಾಯಿ ಒಂದೇ ಅಲ್ಲ, ಹಾಲು, ಮೊಟ್ಟೆ, ಗೋಧಿ, ಸೋಯಾ, ಎಳ್ಳು, ಬಾದಾಮಿ-ಗೋಡಂಬಿಯಂಥ ಬೀಜಗಳು, ಮೀನು, ಸೀಗಡಿ ಇವೆಲ್ಲ ಆ ಪಟ್ಟಿಯಲ್ಲಿವೆ. ಹಾಲಿನ ಅಲರ್ಜಿ ಯಾರಿಗಾದರೂ ಇದ್ದರೆ ನನ್ನ ಮೆಚ್ಚಿನ ಬೆಣ್ಣೆಯನ್ನೂ ಕೈಬಿಡಿ. ನಿಮ್ಮ ಆ ಮಗುವನ್ನು ಪಕ್ಕಕ್ಕೆ ಕೂರಿಸಬೇಡಿ, ಕಡಲೆಕಾಯಿಯನ್ನೇ ಕ್ಲಾಸಿನಿಂದ ಹೊರಗಿಡಿ. ಬ್ರೆಡ್ ಪೊಟ್ಟಣದ ಹಿಂದೆ ಬರೆದದ್ದನ್ನು ಪ್ರತಿ ಸಲವೂ ಓದಿ. ತುಟಿ ಊತ, ಮೈಮೇಲೆ ದದ್ದು, ಮತ್ತೆ ಮತ್ತೆ ವಾಂತಿ, ಉಸಿರಿಗೆ ಕಷ್ಟ ಕಂಡರೆ ಏನು ಮಾಡಬೇಕು, ಔಷಧಿ ಎಲ್ಲಿದೆ, ಯಾರಿಗೆ ಫೋನ್ ಮಾಡಬೇಕು ಅನ್ನುವುದು ನಿಮಗೂ ಸಹಾಯಕರಿಗೂ ಬಾಯಿಪಾಠ ಇರಲಿ. ಉಸಿರಾಟಕ್ಕೆ ಕಷ್ಟ ಆದರೆ ಕಾದು ನೋಡುವ ಪ್ರಶ್ನೆಯೇ ಇಲ್ಲ, ತಕ್ಷಣ ಔಷಧಿ, ತಕ್ಷಣ ಆಂಬುಲೆನ್ಸ್.

ಗಂಟಲಿಗೆ ಸಿಕ್ಕುವುದು ಅಲರ್ಜಿಗಿಂತ ಸಾಮಾನ್ಯ ಭಯ. ಇಡೀ ದ್ರಾಕ್ಷಿ, ಪುಟ್ಟ ಚೆರ್ರಿ ಟೊಮೆಟೊ, ಇಡೀ ಬೀಜಗಳು, ಪಾಪ್‌ಕಾರ್ನ್, ಹಸಿ ಕ್ಯಾರೆಟ್‌ನ ಗಟ್ಟಿ ತುಂಡು ಈ ಐದನ್ನು ನೆನಪಿಡಿ. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಸೀಳು ಮಾಡಬೇಕು, ಅಡ್ಡಕ್ಕೆ ಕತ್ತರಿಸಿದರೆ ಅದು ಮತ್ತೆ ಗುಂಡಗೇ ಉಳಿಯುತ್ತದೆ. ಕ್ಯಾರೆಟ್ ತುರಿಯಾಗಿಯೇ ಬರಲಿ. ಕೂತು ತಿನ್ನಬೇಕು, ಓಡಾಡುತ್ತಾ ಅಲ್ಲ. ಕೈಯನ್ನು ಸೋಪಿನಿಂದ 20 ಸೆಕೆಂಡ್ ತೊಳೆಯಬೇಕು, ಒಂದು ಸಣ್ಣ ಹಾಡಿನಷ್ಟು ಹೊತ್ತು. ಹಸಿ ಹಿಟ್ಟು, ಹಸಿ ಮೊಟ್ಟೆ ಬಾಯಿಗೆ ಹೋಗಬಾರದು. ಎಷ್ಟೋ ಜನ ಮೊಟ್ಟೆಗೆ ಹೆದರುತ್ತಾರೆ, ಹಿಟ್ಟಿಗೆ ಹೆದರುವುದಿಲ್ಲ. ಹಿಟ್ಟಿನಲ್ಲೂ ರೋಗಾಣು ಇರಬಹುದು. ಕಾಳು ಮೊಳಕೆ ಕಟ್ಟುವುದು ನೋಡಲು ಚೆಂದ, ಆದರೆ ಆ ಬೆಚ್ಚನೆಯ ತೇವದಲ್ಲಿ ರೋಗಾಣುವೂ ಬೆಳೆಯುತ್ತದೆ. ಬೇಯಿಸದೆ ಕೊಡಬೇಡಿ.

ಉಪಕರಣಗಳಲ್ಲಿ ನನ್ನನ್ನು ಸೋಲಿಸಿದ್ದು ತುರಿಯುವ ಮಣೆ. ಚಾಕುವಿಗೆ ಹೆದರಿ ಅದನ್ನು ಕೊಡದೆ, ತುರಿಮಣೆಯನ್ನು ಐದು ವರ್ಷದವರ ಕೈಗೆ ಧಾರಾಳವಾಗಿ ಕೊಟ್ಟಿದ್ದೆ. ಮೊದಲ ದಿನವೇ ಇಬ್ಬರ ಬೆರಳ ಗೆಣ್ಣು ತರಚಿತು. ಈಗ ಮಣೆ ನಾನು ಹಿಡಿಯುತ್ತೇನೆ, ಮಗು ಉದ್ದ ಕ್ಯಾರೆಟ್‌ನ ಮೇಲ್ತುದಿ ಹಿಡಿದು ತುರಿಯುತ್ತದೆ, ಅರ್ಧ ಆದ ಮೇಲೆ ಉಳಿದದ್ದು ನನ್ನ ಪಾಲು. ಬಾಳೆಹಣ್ಣಿನಂಥ ಮೆತ್ತಗಿನದಕ್ಕೆ ಮೊಂಡು ಚಾಕುವೇ ಸಾಕು.

‘ಒಳ್ಳೆ ತಿಂಡಿ, ಕೆಟ್ಟ ತಿಂಡಿ’ ಅಂತ ಗೋಡೆಯ ಮೇಲೆ ಎರಡು ಸಾಲು ಮಾಡಿದ್ದರೆ ದಯವಿಟ್ಟು ತೆಗೆದುಬಿಡಿ. ಈ ವಯಸ್ಸಿನಲ್ಲಿ ‘ಕೆಟ್ಟ ತಿಂಡಿ’ ಸುಲಭವಾಗಿ ‘ನಾನು ಕೆಟ್ಟವನು’ ಆಗುತ್ತದೆ. ಡಬ್ಬಿಯಲ್ಲಿ ಏನು ಬರುತ್ತದೆ ಅನ್ನುವುದು ಅವರ ಕೈಯಲ್ಲಿಲ್ಲ. ಸಕ್ಕರೆಯ ಲೆಕ್ಕ ದೊಡ್ಡವರಿಗೆ ಹೇಳಿ. 330 ಮಿಲಿ ಲೀಟರ್ ಕೋಲಾದಲ್ಲಿ ಸುಮಾರು 35 ಗ್ರಾಂ ಸಕ್ಕರೆ ಇರುತ್ತದೆ, ಅಂದರೆ ಎಂಟು ಒಂಬತ್ತು ಟೀ ಚಮಚ. ಪೋಷಕರ ಸಭೆಯಲ್ಲಿ ಅಷ್ಟನ್ನು ಒಂದು ಲೋಟಕ್ಕೆ ಅಳೆದು ಮೇಜಿನ ಮೇಲೆ ಇಡಿ. ಭಾಷಣ ಬೇಕಾಗುವುದಿಲ್ಲ.

ಫಲ ಯಾವಾಗ? ತಾವೇ ಮಾಡಿದ್ದನ್ನು ಮಕ್ಕಳು ಜಾಸ್ತಿ ತಿನ್ನುತ್ತಾರೆ ಅನ್ನುವುದಕ್ಕೆ ಆಧಾರ ಇದೆ. ಸ್ವಿಟ್ಜರ್ಲೆಂಡ್‌ನಲ್ಲಿ 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಆರರಿಂದ ಹತ್ತು ವರ್ಷದ 47 ಮಕ್ಕಳಿದ್ದರು. ಅಪ್ಪ ಅಥವಾ ಅಮ್ಮನ ಜೊತೆ ಅಡುಗೆ ಮಾಡಿದವರು ಮಾಡದವರಿಗಿಂತ ಸಲಾಡನ್ನು ಮುಕ್ಕಾಲು ಪಾಲು ಹೆಚ್ಚು ತಿಂದರು. ಆದರೆ ಅದು ಒಂದು ಊಟದ ಕಥೆ, ಕೋಳಿಯನ್ನೂ ಹೆಚ್ಚೇ ತಿಂದಿದ್ದರು. ಅದನ್ನು ತೋರಿಸಿ ಮುಖ್ಯೋಪಾಧ್ಯಾಯರಿಗೆ ದೊಡ್ಡ ಭರವಸೆ ಕೊಡಬೇಡಿ. ಮೊದಲ ಮೂರು ತಿಂಗಳು ತಿಂದ ತುತ್ತು ಎಣಿಸುವುದನ್ನೇ ಬಿಡಿ. ಬೇರೆ ಮೂರು ಗಮನಿಸಿ: ಹೊಸದನ್ನು ಮುಟ್ಟಲು ಹಿಂಜರಿಯುತ್ತಿದ್ದವರು ಈಗ ಮುಟ್ಟುತ್ತಾರಾ, ‘ಥೂ’ ಬದಲು ಯಾವ ಪದ ಬರುತ್ತಿದೆ, ಯಾರು ‘ಇದರೊಳಗೆ ಏನಿದೆ?’ ಅಂತ ಕೇಳಿದರು. ಒಂದು ನೋಟ್‌ಬುಕ್ಕಿನಲ್ಲಿ ಹೆಸರಿನ ಮುಂದೆ ಒಂದೊಂದು ಸಾಲು ಬರೆದಿಟ್ಟರೆ ವರ್ಷದ ಕೊನೆಗೆ ನಿಮ್ಮ ವರದಿ ಅದೇ.

ಮನೆಗೆ ಪಾಕವಿಧಾನದ ಚೀಟಿ ಕಳಿಸಬೇಡಿ, ಯಾರೂ ಓದುವುದಿಲ್ಲ. ‘ಇವತ್ತು ನಿಮ್ಮ ಮಗು ಬಟಾಣಿ ಬಿಡಿಸಲು ಕಲಿತಿದೆ, ಮನೆಯಲ್ಲೂ ಬಿಡಿಸಲು ಕೊಡಿ’ ಅಂತ ಒಂದೇ ಸಾಲು ಕಳಿಸಿ. ಈ ಸೋಮವಾರಕ್ಕೆ ಬೇಕಾದದ್ದು ಆರು ಬಟ್ಟಲು, ಮೂವತ್ತು ಬಟಾಣಿ ಕಾಯಿ, ಒಂದು ಒದ್ದೆ ಬಟ್ಟೆ.